ಎರೆಮಣ್ಣಿನ ದಾರಿಗೆ ತಕ್ಕ ಸೈಲೆನ್ಸರ್: ಜಿಪ್ಸಿಗೆ ಹೊಸ ಪೈಪು ಹಾಕಿಸುವ ಬಗೆ

ಬಳ್ಳಾರಿ, ಸಂಡೂರು, ಸಿರುಗುಪ್ಪ ಭಾಗದಲ್ಲಿ ಹಳೆಯ ಮಾರುತಿ ಜಿಪ್ಸಿಯನ್ನು ಇಂದಿಗೂ ಜತನದಿಂದ ಓಡಿಸುವವರಿದ್ದಾರೆ. ಗಣಿಯ ಕೆಂಧೂಳನ್ನೂ ಗದ್ದೆಬಯಲಿನ ಕೆಸರನ್ನೂ ಒಟ್ಟಿಗೆ ತಾಳಬೇಕಾದ ಈ ಗಾಡಿಗಳಲ್ಲಿ ಬೇಗ ಹಾಳಾಗುವ ಭಾಗ ಸೈಲೆನ್ಸರ್. ಮಳೆಗಾಲದಲ್ಲಿ ಮಫ್ಲರಿನ (ಸದ್ದು ತಗ್ಗಿಸುವ ಡಬ್ಬಿಯ) ಬ್ರ್ಯಾಕೆಟ್ಟಿನ ಸಂದಿಗೆ ಮೆತ್ತಿಕೊಂಡ ಎರೆಮಣ್ಣು ಮೇಲೆ ಒಣಗಿದಂತೆ ಕಂಡರೂ ಒಳಗೆ ತೇವ ಹಿಡಿದಿಟ್ಟುಕೊಂಡು ತಗಡನ್ನು ತಿನ್ನುತ್ತದೆ. ಹೇಗೂ ಬದಲಿಸುವ ಕಾಲ ಬಂದಾಗ, ಇದ್ದದ್ದಕ್ಕಿಂತ ಗಟ್ಟಿಯಾದ, ದಾರಿಗೆ ಒಗ್ಗುವ ಪೈಪನ್ನು ಹಾಕಿಸುವುದು ಸರಿಯಾದ ಕ್ರಮ.

ಕೆಲಸಕ್ಕೆ ಕೈಹಚ್ಚುವ ಮೊದಲು, ಇದರಿಂದ ಏನು ಬೇಕೆಂಬುದನ್ನು ಮಾಲೀಕರು ತೀರ್ಮಾನಿಸಿಕೊಳ್ಳಬೇಕು. ಎಂಪಿಎಫ್‌ಐ (ಇಂಜೆಕ್ಟರಿನಿಂದ ಪೆಟ್ರೋಲ್ ಚಿಮ್ಮಿಸುವ) ಜಿಪ್ಸಿಯ 1.3 ಲೀಟರ್ ಇಂಜಿನ್ 6000 ಆರ್‌ಪಿಎಂನಲ್ಲಿ 80 ಬಿಎಚ್‌ಪಿ ಶಕ್ತಿಯನ್ನೂ 4500 ಆರ್‌ಪಿಎಂನಲ್ಲಿ 103 ಎನ್‌ಎಂ ಟಾರ್ಕನ್ನೂ (ತಿರುಗಿಸುವ ಬಲ) ಕೊಡುತ್ತದೆ. ಮೊದಲೇ ಮೇಲಿನ ಆರ್‌ಪಿಎಂನಲ್ಲಿ ಎಳೆಯುವ ಇಂತಹ ಇಂಜಿನ್ನಿಗೆ ದಪ್ಪ ಪೈಪು ಹಾಕಿದರೆ ಹೊಗೆಯ ವೇಗ ಇಳಿದು, ಸಂಡೂರಿನ ಏರಿನಲ್ಲಿ ಅಗತ್ಯವಾದ ಕೆಳಗಿನ ಎಳೆತವೇ ಕುಗ್ಗುತ್ತದೆ. 1.3 ಲೀಟರಿಗೆ ಒಂದೂಮುಕ್ಕಾಲು ಇಂಚು, ಅಂದರೆ ಸುಮಾರು 44 ಮಿ.ಮೀ. ಹೊರವ್ಯಾಸದ ಪೈಪು ಧಾರಾಳವಾಗಿ ಸಾಕು. ಜಿಮ್ನಿಯಂತಹ 1.5 ಲೀಟರ್ ಗಾಡಿಯಲ್ಲಿಯೂ ಎರಡು ಇಂಚನ್ನು ಮೀರುವುದು ಬೇಡ. ಸದ್ದು ಹೆಚ್ಚಿದ ಮಾತ್ರಕ್ಕೆ ಶಕ್ತಿ ಹೆಚ್ಚಿತೆಂದು ತಿಳಿಯಬಾರದು. ಬರಬಹುದಾದ ಶಕ್ತಿಯ ಲಾಭ ಅಲ್ಪವೇ, ಬಾಳಿಕೆಯ ಲಾಭ ಮಾತ್ರ ನಿಜವಾದದ್ದು.

ಕಾನೂನಿನ ಎಲ್ಲೆಯೂ ತಿಳಿದಿರಲಿ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 120ನೇ ನಿಯಮದಂತೆ ಸದ್ದು ತಗ್ಗಿಸುವ ಸೈಲೆನ್ಸರ್ ಪ್ರತಿ ವಾಹನಕ್ಕೂ ಕಡ್ಡಾಯ. ಶಬ್ದ ಮತ್ತು ಹೊಗೆಯ ಮಿತಿ ಮೀರಿದರೆ ಮೋಟಾರು ವಾಹನ ಕಾಯ್ದೆಯ 190(2)ನೇ ಕಲಮಿನಡಿ ಮೊದಲ ತಪ್ಪಿಗೇ 10,000 ರೂಪಾಯಿವರೆಗೆ ದಂಡ, 3 ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು. ಆದ್ದರಿಂದ ಹೊಗೆಯ ವಿಷಾನಿಲ ತಗ್ಗಿಸುವ ಕೆಟಲಿಟಿಕ್ ಕನ್ವರ್ಟರನ್ನು ಕತ್ತರಿಸಿ ತೆಗೆಸುವ ಸಲಹೆಗೆ ಯಾರೂ ಕಿವಿಗೊಡಬಾರದು. ಬದಲಾವಣೆಯೆಲ್ಲ ಅದರ ಹಿಂದಿನ ಭಾಗದಲ್ಲಿ, ಅಂದರೆ ನಡುವಿನ ಪೈಪು, ಮಫ್ಲರ್ ಮತ್ತು ಹಿಂಬದಿಯ ಬಾಲಪೈಪಿನಲ್ಲಿ ಮಾತ್ರ ನಡೆಯಬೇಕು. ಜಿಮ್ನಿ ಇನ್ನೂ ವಾರಂಟಿಯಲ್ಲಿದ್ದರೆ ಶೋರೂಮಿನವರನ್ನು ಕೇಳದೆ ಕೈಹಚ್ಚದಿರುವುದು ಒಳ್ಳೆಯದು.

ಪೈಪಿಗೆ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಉತ್ತಮ, ಅದು ದುಬಾರಿಯೆನಿಸಿದರೆ 409 ದರ್ಜೆಯದಾದರೂ ಆದೀತು. ಹಾರ್ಡ್‌ವೇರ್ ಅಂಗಡಿಯ ನೀರಿನ ಜಿಐ ಪೈಪು ಮಾತ್ರ ಬೇಡವೇ ಬೇಡ. ಅದರ ಸತುವಿನ ಲೇಪ ವೆಲ್ಡಿಂಗಿನ ಕಾವಿಗೆ ಆವಿಯಾಗಿ, ಉಸಿರಾಡಿದ ಕೆಲಸಗಾರನಿಗೆ ಚಳಿಜ್ವರದಂತಹ ಬೇನೆ ಬರುತ್ತದೆ. ಒಂದಷ್ಟು ರೂಪಾಯಿ ಉಳಿಸಲು ಇನ್ನೊಬ್ಬರ ಆರೋಗ್ಯ ಕೆಡಿಸುವುದು ಸಲ್ಲದು.

ಹಳೆಯದನ್ನು ಬಿಚ್ಚುವ ಕೆಲಸ ಹಿಂದಿನ ರಾತ್ರಿಯೇ ಶುರುವಾಗಬೇಕು. ತುಕ್ಕು ಹಿಡಿದ ನಟ್ಟುಗಳಿಗೆಲ್ಲ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ ಬಿಡಿ. ಬೆಳಿಗ್ಗೆ ಪೈಪು ಪೂರ್ತಿ ತಣ್ಣಗಿರುವಾಗ ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಳಚಿ, ಗಾಡಿಯನ್ನು ಜಾಕಿಯ ಮೇಲಲ್ಲ, ಗಟ್ಟಿ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಬೇಕು. ನಟ್ಟನ್ನು ಮೊದಲು ಕೂದಲೆಳೆಯಷ್ಟು ಬಿಗಿಮಾಡಿ ಆಮೇಲೆ ಸಡಿಲಿಸಿದರೆ ತುಕ್ಕು ಒಡೆದು ಸ್ಟಡ್ಡು ಮುರಿಯುವುದು ತಪ್ಪುತ್ತದೆ. ಹೊಗೆಯಲ್ಲಿನ ಆಮ್ಲಜನಕವನ್ನು ಅಳೆಯುವ ಆಕ್ಸಿಜನ್ ಸೆನ್ಸರನ್ನು ತೆಗೆಯಬೇಕಾಗಿ ಬಂದರೆ ಮೊದಲು ಅದರ ವೈರಿನ ಸಾಕೆಟ್ಟನ್ನು ಬಿಡಿಸಿ, ಆಮೇಲೆ 22 ಮಿ.ಮೀ. ಸ್ಪ್ಯಾನರಿನಿಂದ ತಿರುಗಿಸಿ, ಇಲ್ಲವಾದರೆ ವೈರು ಹುರಿಗೊಂಡು ಒಳಗೇ ತುಂಡಾಗುತ್ತದೆ.

ಎಲ್ಲಕ್ಕಿಂತ ಹೆಚ್ಚಿನ ಗಮನ ಬೇಡುವುದು ಪೈಪು ಹಾಯುವ ದಾರಿ. ಹೊಸ ಪೈಪನ್ನು ಗಾಡಿಯ ಕೆಳಗೆ ಅಲ್ಲಲ್ಲಿ ಟ್ಯಾಕ್ (ತಾತ್ಕಾಲಿಕ ಚುಕ್ಕೆ ವೆಲ್ಡ್) ಮಾತ್ರ ಮಾಡಿ, ಎಲ್ಲಿಯೂ ಚಾಸಿಯ ಕೆಳಅಂಚಿಗಿಂತ ಜೋಲದಂತೆ ನೋಡಿಕೊಳ್ಳಬೇಕು. 210 ಮಿ.ಮೀ. ನೆಲದಂತರ ಇರುವ ಗಾಡಿಯ ಪೈಪು ಮೂರು ಬೆರಳು ಕೆಳಗಿಳಿದರೂ ಗಣಿದಾರಿಯ ಕಲ್ಲು ಅದನ್ನೇ ಮೊದಲು ಹುಡುಕಿಕೊಂಡು ಬರುತ್ತದೆ. ಬಳಿಕ ಒಂದು ಹಿಂಚಕ್ರವನ್ನು ಎತ್ತರದ ದಿಮ್ಮಿಯ ಮೇಲೇರಿಸಿ, ಆಕ್ಸಲ್ ವಾಲಿದ ಸ್ಥಿತಿಯಲ್ಲಿ ಪೈಪು ಎಲೆಸ್ಪ್ರಿಂಗಿಗಾಗಲಿ ಪ್ರೊಪೆಲ್ಲರ್ ಶಾಫ್ಟಿಗಾಗಲಿ ತಗಲುತ್ತದೆಯೇ ಎಂದು ಟಾರ್ಚ್ ಹಿಡಿದು ನೋಡಿ, ಇನ್ನೊಂದು ಚಕ್ರಕ್ಕೂ ಹೀಗೆಯೇ ಮಾಡಿ. ಸಮನೆಲದಲ್ಲಿ ಎರಡು ಬೆರಳು ಇದ್ದ ಅಂತರ ಇಲ್ಲಿ ಏನೂ ಉಳಿಯದಿರಬಹುದು. ಪೆಟ್ರೋಲ್ ಪೈಪು ಮತ್ತು ಬ್ರೇಕ್ ಪೈಪಿನ ಬಳಿ ಹಾಯುವಲ್ಲಿ ತಗಡಿನ ಶಾಖತಡೆ ಇರಲೇಬೇಕು. 304 ದರ್ಜೆಯ ಪೈಪು 300 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾವೇರಿದಾಗ ಮೀಟರಿಗೆ ಸುಮಾರು 5 ಮಿ.ಮೀ. ಹಿಗ್ಗುವುದರಿಂದ, ಅದನ್ನು ಚಾಸಿಗೆ ಬಿಗಿಯಾಗಿ ವೆಲ್ಡ್ ಮಾಡದೆ ರಬ್ಬರ್ ಹ್ಯಾಂಗರಿನಲ್ಲಿಯೇ ತೂಗುಹಾಕಬೇಕು.

ಅಳತೆ ಕೂಡಿದ ಮೇಲೆ ಪೈಪನ್ನು ಕೆಳಗಿಳಿಸಿಯೇ ಆರ್ಗಾನ್ ವೆಲ್ಡಿಂಗ್ ಮಾಡಿಸಿ. ಪೆಟ್ರೋಲ್ ಟ್ಯಾಂಕಿನ ಪಕ್ಕದಲ್ಲಿ ಕಿಡಿ ಹಾರಿಸುವ ಪ್ರಶ್ನೆಯೇ ಏಳಬಾರದು. ಟ್ಯಾಕ್ ಹಾಕುವಾಗಲೂ ಟ್ಯಾಂಕಿನತ್ತ ಒದ್ದೆ ಗೋಣಿಚೀಲ ಮುಚ್ಚಿ, ಅಗ್ನಿಶಾಮಕ ಸಿಲಿಂಡರನ್ನು ಕೈಗೆಟಕುವಂತೆ ಇಟ್ಟುಕೊಂಡಿರಬೇಕು.

ಜೋಡಿಸುವಾಗ ಹಳೆಯ ಗ್ಯಾಸ್ಕೆಟ್ಟನ್ನು ಮತ್ತೆ ಬಳಸಬೇಡಿ. ಸೆನ್ಸರಿಗಿಂತ ಮುಂದಿನ ಕೀಲಿನಲ್ಲಿ ಸಂದಿ ಉಳಿದರೆ ಹೊರಗಿನ ಗಾಳಿ ಒಳಸೇರಿ, ಪೆಟ್ರೋಲ್ ಕಡಿಮೆಯಾಗಿದೆಯೆಂದು ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ತಪ್ಪು ತಿಳಿದು ಹೆಚ್ಚು ಇಂಧನ ಸುರಿಯುತ್ತದೆ. ಸೈಲೆನ್ಸರ್ ಹಾಕಿಸಿದ ಮೇಲೆ ಮೈಲೇಜ್ ಬಿದ್ದಿತೆಂಬ ದೂರಿನ ಬೇರು ಅನೇಕ ಬಾರಿ ಇಲ್ಲಿರುತ್ತದೆ. ಎಲ್ಲ ಬೋಲ್ಟುಗಳನ್ನೂ ಕೈಯಿಂದ ಕೂರಿಸಿ, ಪೈಪು ತಾನಾಗಿ ನೆಲೆಗೊಂಡ ಮೇಲೆ ಮುಂದಿನಿಂದ ಹಿಂದಕ್ಕೆ ಬಿಗಿಮಾಡುತ್ತ ಬನ್ನಿ.

ಈಗ ಸೋರಿಕೆಯ ಪರೀಕ್ಷೆ. ತಣ್ಣಗಿನ ಇಂಜಿನನ್ನು ಬಯಲಿನಲ್ಲಿ ಚಾಲೂ ಮಾಡಿ, ಒಬ್ಬರು ದಪ್ಪ ಬಟ್ಟೆಯಿಂದ ಬಾಲಪೈಪಿನ ಬಾಯನ್ನು ಕ್ಷಣಕಾಲ ಅರೆಮುಚ್ಚಲಿ, ಇನ್ನೊಬ್ಬರು ಕೀಲುಗಳ ಮೇಲೆ ಸೋಪಿನ ನೀರು ಚಿಮುಕಿಸಲಿ. ನೊರೆ ಎದ್ದಲ್ಲಿ ಸೋರುತ್ತಿದೆಯೆಂದೇ ಅರ್ಥ. ಬಾಲಪೈಪಿನ ಬಾಯಿ ಬಾಡಿಯ ಅಂಚಿಗಿಂತ ಹೊರಚಾಚಿರಬೇಕು. ಬಟ್ಟೆಯ ಹುಡ್ ಹಾಕಿದ ಜಿಪ್ಸಿಯ ಹಿಂಭಾಗದಿಂದ ಕಾರ್ಬನ್ ಮೊನಾಕ್ಸೈಡ್ ಒಳಗೆ ಸೆಳೆದುಕೊಂಡರೆ, ವಾಸನೆಯೂ ಬಣ್ಣವೂ ಇಲ್ಲದ ಆ ಅನಿಲ ಹಿಂದಿನ ಸೀಟಿನ ಮಕ್ಕಳ ಜೀವಕ್ಕೇ ಸಂಚಕಾರ ತರುತ್ತದೆ.

ಮೊದಲ ನೂರು ಕಿಲೋಮೀಟರಿನ ನಂತರ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಮಾಡಿಸಿ, ಹೊಸದಾಗಿ ಹೊಗೆ ತಪಾಸಣೆ ಮಾಡಿಸಿ. ಬೇಸಿಗೆಯಲ್ಲಿ ಸಂಡೂರಿನ ಗುಡ್ಡದ ಒಣಹುಲ್ಲಿನ ಮೇಲೆ ಕಾದ ಪೈಪಿನ ಗಾಡಿಯನ್ನು ನಿಲ್ಲಿಸಬೇಡಿ, ಹುಲ್ಲಿಗೆ ಕಿಚ್ಚು ಹತ್ತಲು ಅಷ್ಟು ಕಾವು ಸಾಕು. ಮಳೆಗಾಲದಲ್ಲಿ ಹೊಲದಿಂದ ಮರಳಿದ ಮೇಲೆ ಪೈಪು ಆರಲು ಬಿಟ್ಟು, ಮಫ್ಲರಿನ ಮೇಲ್ಭಾಗಕ್ಕೂ ಹ್ಯಾಂಗರುಗಳ ಸಂದಿಗೂ ರಬ್ಬರ್ ಪೈಪಿನಿಂದ ನೀರು ಹಾಯಿಸಿ ಎರೆಮಣ್ಣನ್ನು ಅಂದಂದೇ ತೊಳೆದುಬಿಡಿ.