ಕರಡಿ ಇರುವ ಕಡೆ ಕ್ಯಾಂಪಿಂಗ್: ಹೊಸಬರಿಗೆ ಮಾರ್ಗದರ್ಶಿ

ಬೇಸಿಗೆ ರಜೆ ಬಂತೆಂದರೆ ಅಮೆರಿಕಕ್ಕೆ ಹೊಸದಾಗಿ ಬಂದ ಮನೆಯವರು ಸಂಘದಲ್ಲಿ ಕೇಳುವ ಪ್ರಶ್ನೆ ಇದು: "ಟೆಂಟ್‌ನಲ್ಲಿ ಮಲಗಿದ್ದಾಗ ಕರಡಿ ಬಂದರೆ?" ಬರಬಹುದು. ಆದರೆ ಅದಕ್ಕೆ ಬೇಕಿರುವುದು ನಿಮ್ಮ ಊಟ. ಅದನ್ನು ಸರಿಯಾಗಿ ಎತ್ತಿಟ್ಟರೆ ಮುಕ್ಕಾಲು ಕೆಲಸ ಮುಗಿಯಿತು.

ಕರಡಿಯ ಲೆಕ್ಕದಲ್ಲಿ ಊಟ ಅಂದರೆ ವಾಸನೆ ಬರುವ ಎಲ್ಲವೂ. ಟೂತ್‌ಪೇಸ್ಟ್, ಸೋಪು, ಸನ್‌ಸ್ಕ್ರೀನ್, ಮಗುವಿನ ವೈಪ್ಸ್, ಮುಚ್ಚಳ ತೆಗೆಯದ ಡಬ್ಬಿ, ಖಾಲಿ ಕೂಲರ್, ಕಸದ ಚೀಲ, ಯಾವುದೂ ಟೆಂಟ್‌ನೊಳಗೆ ಬೇಡ. ಕ್ಯಾಂಪ್‌ಗ್ರೌಂಡ್‌ನಲ್ಲಿ ಇದಕ್ಕೆಂದೇ ಲೋಹದ ಫುಡ್ ಲಾಕರ್ ಇರುತ್ತದೆ. ಎಲ್ಲವನ್ನೂ ಅದರಲ್ಲಿಟ್ಟು ಚಿಲಕ ಪೂರ್ತಿ ಕೂತಿದೆಯಾ ಎಂದು ಎಳೆದು ನೋಡಿ. ಹಗಲಲ್ಲೂ ಅಷ್ಟೇ: ಊಟ ಟೇಬಲ್ ಮೇಲೆ ಬಿಟ್ಟು ಕೆರೆ ನೋಡಲು ಹೋಗಬೇಡಿ.

ಕಾರಿನಲ್ಲಿಟ್ಟು ಲಾಕ್ ಮಾಡಿದರೆ ಸಾಲದಾ? ಕ್ಯಾಲಿಫೋರ್ನಿಯಾದ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದಲ್ಲಿ ಸಾಲದು. ಅಲ್ಲಿ ಕರಡಿಗಳು ಕಾರಿನ ಬಾಗಿಲನ್ನೇ ಬಗ್ಗಿಸಿ ಒಳಗೆ ನುಗ್ಗುತ್ತವೆ. ಕತ್ತಲಾದ ಮೇಲೆ ಕಾರಿನಲ್ಲಿ ಊಟ ಇಡುವುದು ಅಲ್ಲಿ ನಿಯಮಕ್ಕೇ ವಿರುದ್ಧ. ಮಕ್ಕಳ ಕಾರ್ ಸೀಟಿನ ಸಂದಿಯಲ್ಲಿ ಬಿಸ್ಕತ್ತಿನ ಚೂರು ಇರುತ್ತದಲ್ವಾ, ಹೊರಡುವ ಮೊದಲೇ ಅದನ್ನೂ ಕೊಡವಿ.

ನಾಲ್ಕೈದು ಮನೆಯವರು ಒಟ್ಟಿಗೆ ಹೋದಾಗ ಎಡವಟ್ಟಾಗುವುದು ಇಲ್ಲೇ. ಲಾಕರ್ ಹಾಕಿದ್ದು ಅವರು ಎಂದು ಇವರು, ಇವರು ಎಂದು ಅವರು. ಮಲಗುವ ಮುನ್ನ ಲಾಕರ್, ಟೇಬಲ್, ಕಾರು ಮೂರನ್ನೂ ನೋಡುವ ಕೆಲಸ ಒಬ್ಬರಿಗೇ ಒಪ್ಪಿಸಿಬಿಡಿ. ಮಾತಿನ ಭರದಲ್ಲಿ ಮರೆಯದವರನ್ನೇ ಆರಿಸಿ!

ಇಷ್ಟೊಂದು ಕಟ್ಟುನಿಟ್ಟು ಸುಮ್ನೆ ಬಂದಿಲ್ಲ. ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ ಒಂದು ಕಾಲದಲ್ಲಿ ಕರಡಿಗಳು ಕಸದ ಗುಂಡಿಗೆ ಬಂದು ತಿನ್ನುವುದನ್ನು ಜನ ಕೂತು ನೋಡುತ್ತಿದ್ದರು. 1970ರ ಹೊತ್ತಿಗೆ ಆ ಗುಂಡಿಗಳನ್ನು ಮುಚ್ಚಲಾಯಿತು. ಮನುಷ್ಯರ ಊಟದ ರುಚಿ ಹತ್ತಿದ ಕರಡಿ ಮತ್ತೆ ಮತ್ತೆ ಬರುತ್ತದೆ, ಹೆದರಿಕೆ ಬಿಡುತ್ತದೆ. ಕೊನೆಗೆ ಅದನ್ನು ಕೊಲ್ಲಬೇಕಾಗುತ್ತದೆ.

ಎದುರಿಗೇ ಸಿಕ್ಕರೆ ಓಡಬೇಡಿ. ಕರಡಿ ಗಂಟೆಗೆ 50 ಕಿಲೋಮೀಟರ್‌ಗೂ ಜಾಸ್ತಿ ವೇಗದಲ್ಲಿ ಓಡಬಲ್ಲದು. ಮಕ್ಕಳಿಗೆ ಇದನ್ನು ಮನೆಯಲ್ಲೇ ಹೇಳಿಕೊಡಿ, ಅವರ ಮೊದಲ ಯೋಚನೆ ಓಡುವುದೇ. ಚಿಕ್ಕವರನ್ನು ಎತ್ತಿಕೊಳ್ಳಿ, ಎಲ್ಲರೂ ಒಟ್ಟಿಗೆ ನಿಲ್ಲಿ, ಶಾಂತವಾಗಿ ಮಾತಾಡುತ್ತಾ ನಿಧಾನವಾಗಿ ಹಿಂದೆ ಸರಿಯಿರಿ. ಫೋಟೋಗೆಂದು ಹತ್ತಿರ ಹೋಗುವುದು ಬೇಡವೇ ಬೇಡ. ಯೆಲ್ಲೋಸ್ಟೋನ್‌ನಲ್ಲಿ ಕರಡಿಯಿಂದ ಕನಿಷ್ಠ 300 ಅಡಿ ದೂರ ಇರಬೇಕೆಂದು ನಿಯಮವಿದೆ.

ಮೈಮೇಲೇ ಬಿದ್ದರೆ ಏನು ಮಾಡಬೇಕು ಎನ್ನುವುದು ಯಾವ ಕರಡಿ ಎನ್ನುವುದರ ಮೇಲಿದೆ. ಬಣ್ಣ ನಂಬಬೇಡಿ, ಕಪ್ಪು ಕರಡಿಯಲ್ಲೂ ಕಂದು ಬಣ್ಣದವು ಇವೆ. ಭುಜದ ಮೇಲೆ ಡುಬ್ಬ ಇದ್ದರೆ ಗ್ರಿಜ್ಲಿ, ಅಂದರೆ ಉತ್ತರ ಅಮೆರಿಕದ ದೊಡ್ಡ ಕಂದು ಕರಡಿ. (ಕ್ಯಾಲಿಫೋರ್ನಿಯಾ ಬಾವುಟದ ಮೇಲಿರುವುದು ಗ್ರಿಜ್ಲಿ. ಆದರೆ ಈಗ ಆ ರಾಜ್ಯದ ಕಾಡಿನಲ್ಲಿ ಒಂದೂ ಉಳಿದಿಲ್ಲ.) ಕಪ್ಪು ಕರಡಿಯಾದರೆ ಕೈಗೆ ಸಿಕ್ಕಿದ್ದರಲ್ಲಿ ಮುಖಕ್ಕೆ ಹೊಡೆಯಿರಿ, ಸತ್ತಂತೆ ನಟಿಸಬೇಡಿ. ಗಾಬರಿಬಿದ್ದ ಗ್ರಿಜ್ಲಿ ಕೆಡವಿದರೆ ಬೋರಲಾಗಿ ಮಲಗಿ, ಕೈಗಳಿಂದ ಕತ್ತಿನ ಹಿಂಭಾಗ ಮುಚ್ಚಿ, ಅಲುಗಾಡದಿರಿ. ಬಿಡದೆ ದಾಳಿ ಮಾಡುತ್ತಲೇ ಇದ್ದರೆ ತಿರುಗಿ ಹೊಡೆಯಿರಿ. ರಾತ್ರಿ ಟೆಂಟ್‌ನೊಳಗೆ ನುಗ್ಗಿದರೆ ಮಾತ್ರ ಯಾವ ಕರಡಿಯಾದರೂ ಹೊಡೆದಾಡಲೇಬೇಕು.

ಗ್ರಿಜ್ಲಿ ಇರುವ ಕಡೆ ಬೇರ್ ಸ್ಪ್ರೇ ಸೊಂಟದಲ್ಲೇ ಇರಲಿ. ಇದು ಸೊಳ್ಳೆ ಸ್ಪ್ರೇ ಅಲ್ಲ, ಮೈಗೋ ಟೆಂಟ್‌ಗೋ ಹಚ್ಚಿಕೊಳ್ಳಬಾರದು, ಕರಡಿಯತ್ತ ಮೆಣಸಿನ ಖಾರದ ಮೋಡ ಉಗುಳುವ ಡಬ್ಬಿ. ಮೈಮೇಲೆ ಬರುತ್ತಿರುವ ಕರಡಿಗೆ 30ರಿಂದ 60 ಅಡಿ ದೂರದಲ್ಲಿ ಹೊಡೆಯಬೇಕು. ವಿಮಾನದಲ್ಲಿ ಒಯ್ಯುವಂತಿಲ್ಲ, ಚೆಕ್-ಇನ್ ಬ್ಯಾಗಿನಲ್ಲೂ ಇಲ್ಲ. ಯೊಸೆಮಿಟಿಯಲ್ಲಂತೂ ಅದನ್ನು ಇಟ್ಟುಕೊಳ್ಳುವುದಕ್ಕೇ ಅನುಮತಿ ಇಲ್ಲ.

ಬುಕ್ ಮಾಡುವ ಮೊದಲು ಆ ಜಾಗದ ನಿಯಮ ಓದಿ. ಯೆಲ್ಲೋಸ್ಟೋನ್‌ನ ಫಿಶಿಂಗ್ ಬ್ರಿಜ್ ಆರ್‌ವಿ (ಮಲಗುವ ವ್ಯವಸ್ಥೆ ಇರುವ ಮನೆಯಂಥ ವಾಹನ) ಪಾರ್ಕ್‌ನಲ್ಲಿ ಕರಡಿ ಓಡಾಟದಿಂದಾಗಿ ಬಟ್ಟೆಯ ಟೆಂಟ್‌ಗೆ ಜಾಗವೇ ಇಲ್ಲ, ಗಟ್ಟಿ ಗೋಡೆಯ ಆರ್‌ವಿಗೆ ಮಾತ್ರ. ತಲುಪಿದ ಮೇಲೆ ರೇಂಜರ್‌ರನ್ನು ಕೇಳಿ, ಈ ವಾರ ಕರಡಿ ಕಂಡಿತ್ತಾ ಅಂತ. ನಿಮಗೇ ಕಂಡರೆ, ಏನೂ ಆಗದಿದ್ದರೂ ಅವರಿಗೆ ತಿಳಿಸಿ.