ಮಗುವಿಗೆ ಮಾತ್ರ ಪಥ್ಯ ಮಾಡಿಸಬೇಡಿ

ಆರು ವರ್ಷದ ಮಗನಿಗೆ ಒಂದೇ ಇಡ್ಲಿ ಎಂದು ಲೆಕ್ಕ ಹಾಕಿ ಬಡಿಸಿರುತ್ತಾರೆ. ಎದುರಿಗೆ ಕುಳಿತ ಅಪ್ಪ, ಕ್ಯಾತ್ಸಂದ್ರದಿಂದ ಕಟ್ಟಿಸಿಕೊಂಡು ಬಂದ ಮೂರನೆಯ ತಟ್ಟೆ ಇಡ್ಲಿಗೆ ಬೆಣ್ಣೆ ಸವರುತ್ತಿರುತ್ತಾನೆ. ಇಂಥ ಪಥ್ಯ ಒಂದು ವಾರವೂ ನಿಲ್ಲುವುದಿಲ್ಲ. ಬೊಜ್ಜು ಮಗುವಿನದಾದರೂ ಬದಲಾಗಬೇಕಾದದ್ದು ಮನೆ.

ಮೊದಲು ಅಳತೆ. ಕಣ್ಣಂದಾಜು ಬೇಡ, ‘ಗುಂಡುಗುಂಡಗಿದ್ದರೇ ಚೆಂದ’ ಎನ್ನುವ ಅಜ್ಜಿಯ ಕಣ್ಣಂತೂ ಬೇಡವೇ ಬೇಡ. ಐದು ವರ್ಷದೊಳಗಿನ ಮಗುವಾದರೆ ಎತ್ತರಕ್ಕೆ ತಕ್ಕ ತೂಕವಿದೆಯೇ ಎಂದು ಅಂಗನವಾಡಿಯಲ್ಲಿ ಅಥವಾ ಮಕ್ಕಳ ವೈದ್ಯರಲ್ಲಿ ನೋಡಿಸಿ. ಅದಕ್ಕಿಂತ ದೊಡ್ಡ ಮಕ್ಕಳಿಗೆ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿ ತೂಕವನ್ನು ಅಳೆಯುವ ಲೆಕ್ಕವಿದೆ. ಆದರೆ ಅದನ್ನು ಮಕ್ಕಳ ವಯಸ್ಸಿಗೆ ತಕ್ಕ ಚಾರ್ಟ್‌ನಲ್ಲೇ ಓದಬೇಕು, 25 ದಾಟಿದರೆ ತೂಕ ಹೆಚ್ಚು ಎನ್ನುವ ದೊಡ್ಡವರ ಗೆರೆ ಇಲ್ಲಿ ನಡೆಯುವುದಿಲ್ಲ. ವಯಸ್ಸಿಗಿಂತ ಕುಳ್ಳಗಿದ್ದು ದಪ್ಪಗಾಗುತ್ತಿದ್ದರೆ, ಜೋರಾಗಿ ಗೊರಕೆ ಹೊಡೆಯುತ್ತಿದ್ದರೆ, ಕತ್ತಿನ ಹಿಂಭಾಗದ ಚರ್ಮ ಕಪ್ಪಾಗಿ ಒರಟಾಗಿದ್ದರೆ ವೈದ್ಯರ ಭೇಟಿಯನ್ನು ಮುಂದೂಡಬೇಡಿ.

ಎರಡನೆಯದು ಅಡುಗೆಮನೆ. ಮುದ್ದೆ, ಬಸ್ಸಾರು, ಅವರೆಕಾಳಿನ ಹುಳಿಗಳ ಮೇಲೆ ಅನುಮಾನ ಪಡಬೇಡಿ. ತಂಟೆಯೆಲ್ಲ ಊಟಗಳ ನಡುವಿನ ಹೊತ್ತಿನಲ್ಲಿದೆ: ಶಾಲೆ ಬಿಟ್ಟ ಕೂಡಲೇ ಚಿಪ್ಸ್ ಪೊಟ್ಟಣ, ಮನೆಗೆ ಬಂದರೆ ಕ್ರೀಂ ಬಿಸ್ಕತ್ತು, ಸಂಜೆ ಬೇಕರಿ. 250 ಮಿಲಿಲೀಟರ್ ಕೋಲಾದಲ್ಲಿ ಸುಮಾರು 25 ಗ್ರಾಂ ಸಕ್ಕರೆ ಇರುತ್ತದೆ, ಅಂದರೆ ಐದಾರು ಚಮಚ. ಬೆಲ್ಲವಾದರೆ ಪರವಾಗಿಲ್ಲ ಎಂದು ರಾಗಿ ಮಾಲ್ಟಿಗೆ ಧಾರಾಳವಾಗಿ ಸುರಿದದ್ದೂ ಅದೇ ಲೆಕ್ಕಕ್ಕೆ ಸೇರುತ್ತದೆ. ಡಬ್ಬಿಯನ್ನು ಬಚ್ಚಿಡಬೇಡಿ, ತರುವುದನ್ನೇ ನಿಲ್ಲಿಸಿ. ನಾನು ಅಟ್ಟದ ಮೇಲಿಟ್ಟಿದ್ದ ಕೋಡುಬಳೆ ಡಬ್ಬಿಯನ್ನು ಮಗಳು ಸ್ಟೂಲ್ ಹತ್ತಿ ಇಳಿಸಿದ್ದಳು. ಸ್ಟೂಲ್ ಹಿಡಿದುಕೊಂಡಿದ್ದವರು ನಮ್ಮ ಯಜಮಾನರು. ಆ ಜಾಗಕ್ಕೆ ಈಗ ಸೀಬೆಹಣ್ಣು, ಸೌತೆಕಾಯಿ, ಒಂದು ಹಿಡಿ ಬೇಯಿಸಿದ ಕಡಲೆಕಾಯಿ, ನೀರು ಮಜ್ಜಿಗೆ ಬಂದಿವೆ. ಎಲ್ಲರಿಗೂ ಅದೇ.

ಇನ್ನು ನಿಜವಾಗಿ ಕಷ್ಟದ ಕೆಲಸ: ತುತ್ತು. ಏನು ಉಣ್ಣಬೇಕು, ಯಾವಾಗ ಉಣ್ಣಬೇಕು ಎಂಬುದನ್ನು ದೊಡ್ಡವರು ತೀರ್ಮಾನಿಸಲಿ. ಎಷ್ಟು ಎಂಬುದನ್ನು ಮಗುವೇ ತೀರ್ಮಾನಿಸಲಿ. ಮೊಬೈಲ್ ತೋರಿಸುತ್ತಾ ತಿನ್ನಿಸಿದರೆ ಹೊಟ್ಟೆ ತುಂಬಿದ್ದು ಮಗುವಿಗೇ ತಿಳಿಯುವುದಿಲ್ಲ. ‘ಅತ್ತೆ, ಇನ್ನು ತಿನ್ನಿಸಬೇಡಿ’ ಎಂದರೆ ಮನೆಯಲ್ಲಿ ಜಗಳವಾದೀತು. ಅವರ ಪ್ರೀತಿಗೆ ಬೇರೆ ಕೆಲಸ ಕೊಡಿ: ಮೊಮ್ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಸೊಪ್ಪು ಬಿಡಿಸಲಿ. ತಾನೇ ಬಿಡಿಸಿದ ಸೊಪ್ಪನ್ನು ಮಗು ಅಷ್ಟು ಸುಲಭವಾಗಿ ತಟ್ಟೆಯಂಚಿಗೆ ತಳ್ಳುವುದಿಲ್ಲ.

ಐದು ವರ್ಷ ದಾಟಿದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಏದುಸಿರು ಬರುವಂಥ ಆಟ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಭಾನುವಾರ ದೇವರಾಯನದುರ್ಗದ ಬೆಟ್ಟವನ್ನು ಕಾರಿನಲ್ಲಲ್ಲದೆ ಕಾಲ್ನಡಿಗೆಯಲ್ಲಿ ಹತ್ತಿ. ಆದರೆ ದಿನನಿತ್ಯಕ್ಕೆ ಕುಂಟೆಬಿಲ್ಲೆಯೇ ಸಾಕು, ಅಪ್ಪನೂ ಕುಂಟಲಿ. ರಾತ್ರಿ ಬೇಗ ದೀಪ ಆರಿಸಿ. ಆರರಿಂದ ಹನ್ನೆರಡು ವರ್ಷದವರಿಗೆ 9ರಿಂದ 12 ಗಂಟೆ ನಿದ್ದೆ ಬೇಕು.

ಎಲ್ಲವನ್ನೂ ಒಂದೇ ಸೋಮವಾರ ಶುರು ಮಾಡಬೇಡಿ, ಎರಡು ವಾರಕ್ಕೊಂದು ಬದಲಾವಣೆ ಸಾಕು. ಬೆಳೆಯುವ ಚಿಕ್ಕ ಮಕ್ಕಳಲ್ಲಿ ಬಹುತೇಕರ ತೂಕ ಇಳಿಯಬೇಕಿಲ್ಲ. ತೂಕ ಇದ್ದಲ್ಲೇ ನಿಂತು ಎತ್ತರ ಹೆಚ್ಚಿದರೂ ಗೆದ್ದಂತೆಯೇ. ತಿಂಗಳಿಗೊಮ್ಮೆ ಮಾತ್ರ ತೂಗಿ. ಮದುವೆ ಮನೆಯಲ್ಲಿ ‘ಏನೋ ಡುಮ್ಮಣ್ಣ’ ಎಂದು ಕೆನ್ನೆ ಹಿಂಡುವ ನೆಂಟರಿಗೆ, ಹೆಸರು ಹಿಡಿದು ಕರೆಯಿರಿ ಎಂದು ಮಗುವಿನ ಎದುರಿಗೇ ಹೇಳಿ.