ನಾಯಿಗೆ ಮನೆಮದ್ದು ಎಲ್ಲಿವರೆಗೆ, ಡಾಕ್ಟ್ರು ಎಲ್ಲಿಂದ

ಮಲೆನಾಡಿನಲ್ಲಿ ನಾಯಿ ಸಾಕಿದವರು ಪೇಟೆಯವರಿಗಿಲ್ಲದ ಒಂದು ಲೆಕ್ಕ ಇಟ್ಟುಕೊಳ್ಳಬೇಕು. ದಾರಿಯ ಲೆಕ್ಕ. ನಮ್ಮ ಮನೆ ಆಗುಂಬೆ ರಸ್ತೆಯಿಂದ ಒಳಗೆ, ತೋಟದ ನಡುವೆ. ಮಳೆಗಾಲದಲ್ಲಿ ಮಣ್ಣು ರಸ್ತೆ ದಾಟಿ ತೀರ್ಥಹಳ್ಳಿ ಮುಟ್ಟುವುದಕ್ಕೆ ಗಂಟೆ ಮೇಲಾಗುತ್ತದೆ. ಅಲ್ಲಿ ಆಗದ ಕೇಸಾದರೆ ಮಂಡಗದ್ದೆ ಮೇಲೆ ಶಿವಮೊಗ್ಗಕ್ಕೆ, ವಿನೋಬನಗರದ ಪಶುವೈದ್ಯಕೀಯ ಕಾಲೇಜಿಗೆ. ಅದು ಮತ್ತೆ ಸುಮಾರು 60 ಕಿಲೋಮೀಟರ್. ಇಂಥ ಜಾಗದಲ್ಲಿ ಮನೆಮದ್ದು ಬೇಕೇ ಬೇಕು. ಅದನ್ನು ಬಿಟ್ಟುಬಿಡಿ ಅಂತ ನಾನು ಹೇಳುವುದಿಲ್ಲ. ನಮ್ಮ ಅತ್ತೆಯವರಿಂದ ಕಲಿತದ್ದನ್ನು ಈಗಲೂ ಮಾಡುತ್ತೇನೆ. ಆದರೆ ಎಲ್ಲಿ ನಿಲ್ಲಿಸಬೇಕು ಅನ್ನುವುದು ಮೊದಲೇ ಗೊತ್ತಿರಬೇಕು. ಎಷ್ಟೋ ಸಲ ಮದ್ದಿನಿಂದ ಏನೂ ಕೆಡುವುದಿಲ್ಲ, ಅದನ್ನು ನಂಬಿ ಸುಮ್ನೆ ಕೂತ ಒಂದು ದಿನದಿಂದ ಕೆಡುತ್ತದೆ.

ನಾನು ಇಟ್ಟುಕೊಂಡ ಗೆರೆ ಇದು: ತೊಂದರೆ ಚರ್ಮದ ಮೇಲಿದೆ, ಕಣ್ಣಿಗೆ ಕಾಣುತ್ತಿದೆ, ಕಾರಣ ಗೊತ್ತಿದೆ, ನಾಯಿ ಊಟ ಮಾಡುತ್ತಿದೆ. ಈ ನಾಲ್ಕೂ ಇದ್ದರೆ ಮನೆಯಲ್ಲಿ ನೋಡಿಕೊಳ್ಳಬಹುದು. ಒಂದು ತಪ್ಪಿದರೂ ಡಾಕ್ಟ್ರಿಗೆ ಫೋನು. ಮೂಗಿಗೆ ಹೊಕ್ಕ ಉಂಬಳ (ಜಿಗಣೆ), ದೊಡ್ಡ ನಾಯಿಯ ಸಾಧಾರಣ ಭೇದಿ ಇವೆರಡು ಮಾತ್ರ ಈ ಗೆರೆಗೆ ಹೊರತು, ಅವನ್ನು ಮುಂದೆ ಹೇಳುತ್ತೇನೆ.

ಮೊದಲು ಒಸಡು, ಆಮೇಲೆ ಜ್ವರ

ಏನೇ ಆಗಲಿ, ಮೊದಲು ತುಟಿ ಎತ್ತಿ ಒಸಡು ನೋಡಿ. ಚೆನ್ನಾಗಿರುವ ನಾಯಿಯ ಒಸಡು ತಿಳಿ ಗುಲಾಬಿ ಬಣ್ಣ, ಒದ್ದೆಯಾಗಿರುತ್ತದೆ. ಬೆರಳಲ್ಲಿ ಒತ್ತಿ ಬಿಟ್ಟರೆ ಬಿಳಿಯಾಗಿ ಎರಡು ಸೆಕೆಂಡಿನೊಳಗೆ ಮತ್ತೆ ಬಣ್ಣ ಬರಬೇಕು. ಬಿಳಚಿಕೊಂಡಿದ್ದರೆ, ಹಳದಿಯಾಗಿದ್ದರೆ, ನೀಲಿ ತಿರುಗಿದ್ದರೆ, ಅಂಟಂಟಾಗಿ ಒಣಗಿದ್ದರೆ ಮನೆಮದ್ದಿನ ಮಾತೇ ಬೇಡ. ನಮ್ಮ ಕರಿಯನಿಗೆ ಒಸಡು ಅರ್ಧಕ್ಕರ್ಧ ಕಪ್ಪು. ಅಂಥ ನಾಯಿಗಳಿಗೆ ಕಣ್ಣಿನ ಕೆಳರೆಪ್ಪೆ ಎಳೆದು ಒಳಗಿನ ಬಣ್ಣ ನೋಡಬೇಕು. ನಾಯಿ ಆರೋಗ್ಯವಾಗಿರುವಾಗಲೇ ನೋಡಿ ಅಭ್ಯಾಸ ಮಾಡಿಕೊಳ್ಳಿ. ಆಗ ತಾನೇ ಬದಲಾದದ್ದು ಗೊತ್ತಾಗುವುದು?

ಮೂಗು ಮುಟ್ಟಿ ಜ್ವರ ನೋಡುವುದನ್ನು ಬಿಡಿ, ಅದರಿಂದ ಏನೂ ತಿಳಿಯುವುದಿಲ್ಲ. ಮೆಡಿಕಲ್ ಶಾಪಿನಿಂದ ಒಂದು ಡಿಜಿಟಲ್ ಥರ್ಮಾಮೀಟರ್ ತಂದು ನಾಯಿಗೇ ಅಂತ ಬೇರೆ ಇಡಿ. ತುದಿಗೆ ಕೊಬ್ಬರಿ ಎಣ್ಣೆ ಹಚ್ಚಿ ಗುದದ್ವಾರದಲ್ಲಿ ಮೆಲ್ಲಗೆ ಇಡಬೇಕು. 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇದ್ದರೆ ಸರಿ. ನಮಗೆ ಜ್ವರ ಅನ್ನಿಸುವ ಬಿಸಿ ನಾಯಿಗೆ ಸಹಜ. 104 ದಾಟಿದರೆ ಹೊರಡಿ. 99ಕ್ಕಿಂತ ಕೆಳಗಿಳಿದರೂ ಹೊರಡಿ, ಅದು ಇನ್ನೂ ಕೆಟ್ಟದ್ದು.

ಮೂಗಿನಲ್ಲಿ ರಕ್ತ

ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಮ್ಮ ಕಡೆ ಜಾಸ್ತಿ ಕಾಣುವುದು ಇದೇ, ಜನ ಎಡವುವುದೂ ಇಲ್ಲೇ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾಯಿಯ ಒಂದು ಹೊಳ್ಳೆಯಿಂದ ರಕ್ತ ತೊಟ್ಟಿಕ್ಕುತ್ತಿದೆ, ಮತ್ತೆ ಮತ್ತೆ ಸೀನುತ್ತಿದೆ, ಮುಂಗಾಲಿನಿಂದ ಮೂಗು ಕೆರೆಯುತ್ತಿದೆ. ಆದರೆ ಬಾಲ ಅಲ್ಲಾಡಿಸುತ್ತಿದೆ, ಅನ್ನ ತಿನ್ನುತ್ತಿದೆ, ಒಸಡು ಗುಲಾಬಿಯಾಗೇ ಇದೆ. ಹೀಗಿದ್ದರೆ ಬಹುಶಃ ಮೂಗಿನೊಳಗೆ ಉಂಬಳ ಹೊಕ್ಕಿದೆ. ಹಳ್ಳದಲ್ಲೋ ತೋಟದ ಕಪ್ಪಿನಲ್ಲೋ (ಬಸಿಗಾಲುವೆಯಲ್ಲೋ) ನೀರು ಕುಡಿಯುವಾಗ ಒಳಗೆ ಸೇರಿಕೊಳ್ಳುತ್ತದೆ.

ಇದಕ್ಕೆ ನಮ್ಮ ಅತ್ತೆಯವರು ಮಾಡುವ ಉಪಾಯ ನನಗೆ ಬಹಳ ಇಷ್ಟ, ಏಕೆಂದರೆ ಅದರಲ್ಲಿ ನಾಯಿಗೆ ಏನೂ ನೋವಿಲ್ಲ. ನಾಯಿಯನ್ನು ಒಳಗೆ ಕಟ್ಟಿ ಮೂರು ನಾಲ್ಕು ಗಂಟೆ ನೀರು ಕೊಡಬೇಡಿ. ಆಮೇಲೆ ಅಗಲ ಬಟ್ಟಲಲ್ಲಿ ತಣ್ಣನೆ ನೀರು ತುಂಬಿ ಮೂಗಿನ ಕೆಳಗೆ, ಮುಟ್ಟೀ ಮುಟ್ಟದ ಹಾಗೆ ಹಿಡಿಯಿರಿ. ಒಬ್ಬರು ತಲೆ ಹಿಡಿದುಕೊಳ್ಳಬೇಕು. ಕಾಯಬೇಕು. ನೀರಿನ ವಾಸನೆಗೆ ಉಂಬಳ ಹೊಳ್ಳೆಯಿಂದ ಕಪ್ಪು ದಾರದ ಹಾಗೆ ಹೊರಗೆ ಚಾಚುತ್ತದೆ, ಏನಾದರೂ ಅಲ್ಲಾಡಿದರೆ ಸರ್ರನೆ ಒಳಗೆ ಹೋಗುತ್ತದೆ. ಅರ್ಧಕ್ಕಿಂತ ಜಾಸ್ತಿ ಹೊರಗೆ ಬಂದಾಗ ಒಣಬಟ್ಟೆಯಲ್ಲಿ ಹಿಡಿಯಿರಿ. ಬರಿಗೈಗೆ ಅದು ಜಾರುತ್ತದೆ. ಜಗ್ಗಬೇಡಿ, ಒಂದೇ ಸಮ ಎಳೆದು ಹಿಡಿದುಕೊಂಡಿರಿ, ಅದೇ ಬಿಡುತ್ತದೆ. ಆಮೇಲೂ ಸ್ವಲ್ಪ ಹೊತ್ತು ರಕ್ತ ಬರುತ್ತದೆ. ಉಂಬಳದ ಎಂಜಲು ರಕ್ತವನ್ನು ಹೆಪ್ಪುಗಟ್ಟಲು ಬಿಡುವುದಿಲ್ಲ, ಗಾಬರಿ ಬೇಡ. ಎರಡು ಸಲ ಮಾಡಿದರೂ ಬರಲಿಲ್ಲ ಅಂದರೆ ಡಾಕ್ಟ್ರೇ ಮತ್ತು ಬರಿಸಿ ಇಕ್ಕಳದಲ್ಲಿ ತೆಗೆಯಬೇಕು. ಹೊಗೆಸೊಪ್ಪಿನ ನೀರು, ಸುಣ್ಣದ ನೀರು, ಉಪ್ಪುನೀರು ಮೂಗಿಗೆ ಬಿಡಬೇಡಿ. ಉಂಬಳಕ್ಕಿಂತ ಮೊದಲು ನಾಯಿ ಸಂಕಟಪಡುತ್ತದೆ.

ಈಗ ಇನ್ನೊಂದು ನಾಯಿ ನೋಡಿ. ಇದರ ಮೂಗಿನಲ್ಲೂ ರಕ್ತ. ಆದರೆ ಎರಡು ದಿನದಿಂದ ಮಂಕಾಗಿದೆ, ಅನ್ನ ಮೂಸಿ ಬಿಡುತ್ತದೆ, ಮೈ ಸುಡುತ್ತಿದೆ, ಹೊಟ್ಟೆಯ ಕೂದಲಿಲ್ಲದ ಜಾಗದಲ್ಲಿ ಸಣ್ಣ ಕೆಂಪು ಚುಕ್ಕೆಗಳಿವೆ. ಇದು ಉಂಬಳವಲ್ಲ, ಉಣುಗಿನ ಜ್ವರ ಇರಬಹುದು. ಎರ್ಲಿಕಿಯಾ, ಬೆಬೇಸಿಯಾ ಅಂತ ಎರಡು ಬಗೆ ಮುಖ್ಯ. ಮೊದಲನೆಯದರಲ್ಲಿ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಡಿಮೆಯಾಗುತ್ತದೆ. ಎರಡನೆಯದರಲ್ಲಿ ಕೆಂಪು ರಕ್ತಕಣ ಒಡೆದು ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಬಹುದು. ಎರಡಕ್ಕೂ ಔಷಧಿ ಬೇರೆ ಬೇರೆ, ರಕ್ತ ಪರೀಕ್ಷೆ ಮಾಡಿಸದೆ ಗೊತ್ತಾಗುವುದಿಲ್ಲ. ಎರ್ಲಿಕಿಯಾಗೆ ಸಾಮಾನ್ಯವಾಗಿ 28 ದಿನ ಮಾತ್ರೆ ಕೊಡುತ್ತಾರೆ. ನಾಲ್ಕನೇ ದಿನಕ್ಕೇ ನಾಯಿ ಕುಣಿದಾಡುತ್ತದೆ ಅಂತ ನಿಲ್ಲಿಸಬಾರದು. ಪಪ್ಪಾಯ ಎಲೆ ರಸ ಹಿಂಡಿ ಕುಡಿಸಿ ವಾರ ಕಾಯುವವರನ್ನು ನೋಡಿದ್ದೇನೆ. ಆ ವಾರದಲ್ಲಿ ರಕ್ತ ಇಳಿಯುತ್ತಾ ಹೋಗುತ್ತದೆ.

ಒಂದೇ ಲಕ್ಷಣ, ಒಂದಕ್ಕೆ ಬಟ್ಟಲು ನೀರು ಸಾಕು, ಇನ್ನೊಂದಕ್ಕೆ ರಕ್ತ ಪರೀಕ್ಷೆ ಬೇಕು. ನಾಯಿ ಚುರುಕಾಗಿದೆಯೋ ಇಲ್ಲವೋ ಅನ್ನುವುದೇ ಇಲ್ಲಿ ದಾರಿ ತೋರಿಸುವುದು.

ಉಣುಗು

ನಾಲ್ಕಾರು ಉಣುಗು ಇದ್ದರೆ ಮನೆಯಲ್ಲೇ ಕೀಳಬಹುದು. ಚಿಮುಟದಲ್ಲಿ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು ನೇರವಾಗಿ ಎಳೆದು ಸೋಪಿನ ನೀರಿಗೆ ಹಾಕಿ. ಉಗುರಿನಲ್ಲಿ ಚಿವುಟಿ ಕೊಲ್ಲಬೇಡಿ, ದಯವಿಟ್ಟು. ಉಣುಗಿನಿಂದ ಮನುಷ್ಯರಿಗೆ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಗೊತ್ತಾದದ್ದೇ ನಮ್ಮ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಕಾಡಿನ ಉಣುಗನ್ನು ನಾಯಿ, ದನ ಅಂಗಳಕ್ಕೆ ಹೊತ್ತು ತರಬಲ್ಲವು. ಡಿಸೆಂಬರ್‌ನಿಂದ ಮೇವರೆಗೆ ಕಾಡಿನಿಂದ ದರಗು (ಉದುರಿದ ಒಣ ಎಲೆ) ತರಲು ಹೋಗುವಾಗ ನಾಯಿಯನ್ನು ಕರೆದುಕೊಂಡು ಹೋಗದಿದ್ದರೆ ಒಳ್ಳೆಯದು.

ಮೈತುಂಬ ಇದ್ದರೆ ಡಾಕ್ಟ್ರ ಹತ್ತಿರ ತೂಕ ಹೇಳಿ ಮಾತ್ರೆಯನ್ನೋ ಬೆನ್ನಿಗೆ ಹಾಕುವ ಔಷಧಿಯನ್ನೋ ತನ್ನಿ. ಸೀಮೆಎಣ್ಣೆ ಚರ್ಮ ಸುಡುತ್ತದೆ, ನೆಕ್ಕಿದರೆ ಶ್ವಾಸಕೋಶಕ್ಕೂ ಹೋಗುತ್ತದೆ. ತೋಟಕ್ಕೆ ಹೊಡೆಯುವ ಕೀಟನಾಶಕ ಹಚ್ಚಿದರೆ ಉಣುಗಿನ ಜೊತೆ ನಾಯಿಯೂ ಹೋಗುತ್ತದೆ. ಕೊಟ್ಟಿಗೆಯ ದನಕ್ಕೆ ತಂದ ಔಷಧಿಯನ್ನು ಕಣ್ಣಳತೆಯಲ್ಲಿ ನಾಯಿಗೆ ಹಾಕಬೇಡಿ.

ಗಾಯ

ಬೇಲಿ ಗೀರಿದ್ದು, ಸಣ್ಣ ಕಚ್ಚಾಟದ ಗಾಯ ಇವನ್ನೆಲ್ಲ ಮನೆಯಲ್ಲಿ ನೋಡಬಹುದು. ಅರ್ಧ ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಚಿಕ್ಕ ಚಮಚ ಉಪ್ಪು ಹಾಕಿ, ಸೂಜಿ ಇಲ್ಲದ ಸಿರಿಂಜಿನಿಂದ ಗಾಯ ತೊಳೆಯಿರಿ. ಸುತ್ತಲಿನ ಕೂದಲು ಕತ್ತರಿಸಿ. ಅರಿಶಿನ, ಕೊಬ್ಬರಿ ಎಣ್ಣೆ ತೆಳುವಾಗಿ ಹಚ್ಚಿದರೆ ತೊಂದರೆ ಇಲ್ಲ. ಮೈಲುತುತ್ತ ಮಾತ್ರ ಬೇಡ. ನಾಯಿ ಗಾಯ ನೆಕ್ಕದೆ ಇರುವುದಿಲ್ಲ, ಆ ತಾಮ್ರ ಹೊಟ್ಟೆಗೆ ಹೋಗಿ ವಾಂತಿ ಶುರುವಾಗುತ್ತದೆ, ಜಾಸ್ತಿಯಾದರೆ ಯಕೃತ್ತು ಕೆಡುತ್ತದೆ.

ಮಳೆಗಾಲದಲ್ಲಿ ಗಾಯವನ್ನು ದಿನಕ್ಕೆ ಎರಡು ಸಲ ನೋಡಲೇಬೇಕು. ನೊಣ ಮೊಟ್ಟೆಯಿಟ್ಟರೆ ಒಂದು ದಿನದೊಳಗೆ ಹುಳ ಆಗುತ್ತದೆ. ನಾಯಿ ಮೂಲೆ ಹಿಡಿದು ಒಂದೇ ಕಡೆ ನೆಕ್ಕುತ್ತಿದ್ದರೆ, ಕೊಳೆತ ವಾಸನೆ ಬಂದರೆ ಹುಳ ಬಿದ್ದಿದೆ ಅಂತಲೇ ತಿಳಿಯಿರಿ. ಮೇಲೆ ಕಾಣುವ ತೂತು ಚಿಕ್ಕದು, ಒಳಗೆ ಅಂಗೈಯಗಲ ತಿಂದಿರುತ್ತದೆ. ಹುಳಕ್ಕೆಂದೇ ಇರುವ ಸ್ಪ್ರೇ ಮನೆಯಲ್ಲಿಟ್ಟಿದ್ದರೆ ಹೊಡೆದು ಆಸ್ಪತ್ರೆಗೆ ಹೋಗಿ. ಫಿನೈಲ್, ಪೆಟ್ರೋಲ್, ನುಸಿಗುಳಿಗೆ ಪುಡಿ ಯಾವುದನ್ನೂ ಗಾಯಕ್ಕೆ ಸುರಿಯಬೇಡಿ. ಹುಳ ಸಾಯುತ್ತದೆ, ಅದರ ಜೊತೆ ಬದುಕಿರುವ ಮಾಂಸವೂ ಸಾಯುತ್ತದೆ.

ಕಾಡುಹಂದಿಯ ಕೋರೆ ತಾಗಿದ್ದರೆ ಹೊರಗೆ ಎಷ್ಟೇ ಸಣ್ಣ ಕಂಡರೂ ಡಾಕ್ಟ್ರೇ. ಮುಳ್ಳುಹಂದಿಯ ಮುಳ್ಳು ಎದೆಗೋ ಬಾಯೊಳಗೋ ಹೊಕ್ಕಿದ್ದರೂ ಅಷ್ಟೇ.

ಹೊಟ್ಟೆ

ದೊಡ್ಡ ನಾಯಿಗೆ ಭೇದಿ, ಆದರೆ ಲವಲವಿಕೆ ಇದೆ: ಒಂದು ದಿನ ಗಂಜಿ, ಸ್ವಲ್ಪ ಮೊಸರು ಅಥವಾ ಬೇಯಿಸಿದ ಸಿಹಿಗುಂಬಳ, ಬೇಕಾದಷ್ಟು ನೀರು. ಹಾಲು ಬೇಡ. ಬೆಳ್ಳುಳ್ಳಿ ಕೊಟ್ಟರೆ ಜಂತು ಸಾಯುತ್ತದೆ ಅನ್ನುವುದನ್ನು ನಂಬಬೇಡಿ. ಈರುಳ್ಳಿ, ಬೆಳ್ಳುಳ್ಳಿ ಎರಡೂ ನಾಯಿಯ ರಕ್ತಕಣ ಒಡೆಯುತ್ತವೆ.

ಮರಿಗೆ ಈ ಮಾತು ಯಾವುದೂ ಹೊಂದುವುದಿಲ್ಲ. ಆರು ತಿಂಗಳೊಳಗಿನ, ಲಸಿಕೆ ಆಗದ ಮರಿ ವಾಂತಿ ಮಾಡಿ ಮಂಕಾಯಿತು ಅಂದರೆ ಪಾರ್ವೋ ಅಂತಲೇ ಹೆದರಬೇಕು. ರಕ್ತ ಮಿಶ್ರಿತ ಭೇದಿ ಕಾಣುವವರೆಗೆ ಕಾಯಬೇಡಿ. ಈ ವೈರಸ್ಸಿಗೆ ನೇರ ಮದ್ದಿಲ್ಲ. ಡ್ರಿಪ್ ಹಾಕಿ, ವಾಂತಿ ನಿಲ್ಲಿಸಿ, ಮರಿಯ ಮೈಯೇ ಹೋರಾಡುವವರೆಗೆ ಉಳಿಸಿಕೊಳ್ಳಬೇಕು. ವಾಂತಿ ಮಾಡುವ ಮರಿಗೆ ಬಾಯಲ್ಲಿ ಎಷ್ಟು ಎಳನೀರು ಹಾಕಿದರೂ ಒಳಗೆ ನಿಲ್ಲುವುದಿಲ್ಲ. ಆರರಿಂದ ಎಂಟು ವಾರಕ್ಕೆ ಮೊದಲ ಲಸಿಕೆ, ಆಮೇಲೆ ಮೂರು ನಾಲ್ಕು ವಾರಕ್ಕೊಂದರಂತೆ ಹದಿನಾರು ವಾರ ತುಂಬುವವರೆಗೆ ಹಾಕಿಸಿದರೆ ಈ ಕಷ್ಟವೇ ಬರುವುದು ಅಪರೂಪ.

ಇನ್ನು ಗೊಟ್ಟ. ದನಕ್ಕೆ ಬಿದಿರಿನ ಗೊಟ್ಟದಲ್ಲಿ ಮದ್ದು ಕುಡಿಸಿ ರೂಢಿಯಾದ ಕೈ ನಾಯಿಗೂ ತಲೆಯೆತ್ತಿಸಿ ಎಣ್ಣೆ, ಕಷಾಯ ಹೊಯ್ಯುತ್ತದೆ. ಅದು ಶ್ವಾಸನಾಳಕ್ಕೆ ಹೋದರೆ ನ್ಯುಮೋನಿಯಾ. ಏನೇ ಕುಡಿಸುವುದಿದ್ದರೂ ತಲೆ ಸಮ ಇರಬೇಕು, ಕೆನ್ನೆಯ ಚೀಲದಲ್ಲಿ ಚೂರು ಚೂರೇ ಬಿಡಬೇಕು, ನುಂಗಿದ್ದು ಕಾಣಬೇಕು.

ಕಾಯಬಾರದ್ದು

ತೋಟದ ವಿಷಗಳನ್ನು ಮೊದಲು ಹೇಳುತ್ತೇನೆ. ಹರಳು ಹಿಂಡಿ ಗೊಬ್ಬರದ ವಾಸನೆ ನಾಯಿಗೆ ಇಷ್ಟ, ಅದರಲ್ಲಿರುವ ರೈಸಿನ್ ಕೊಲ್ಲುವ ವಿಷ. ಬಸವನಹುಳಕ್ಕೆ ಹಾಕುವ ಗುಳಿಗೆ ತಿಂದರೆ ನಡುಕ, ಫಿಟ್ಸ್. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಕಲಸಿದ ಡ್ರಮ್ಮಿಗೆ ಮುಚ್ಚಳ ಹಾಕಿ, ಅದರಲ್ಲಿ 100 ಲೀಟರಿಗೆ ಒಂದು ಕಿಲೋ ಮೈಲುತುತ್ತ ಇರುತ್ತದೆ. ಇಲಿ ಪಾಷಾಣ ತಿಂದ ನಾಯಿ ಎರಡು ದಿನ ಏನೂ ಆಗದ ಹಾಗೆ ಓಡಾಡಿಕೊಂಡಿದ್ದು ಆಮೇಲೆ ಒಳಗೊಳಗೇ ರಕ್ತ ಸೋರಿ ಬೀಳಬಹುದು. ಚೆನ್ನಾಗಿದೆ ಅಲ್ವಾ ಅಂತ ಬಿಡಬೇಡಿ. ಪ್ಯಾಕೆಟ್ ಕೈಯಲ್ಲಿ ಹಿಡಿದೇ ಹೋಗಿ, ಯಾವ ವಿಷ ಅನ್ನುವುದರ ಮೇಲೆ ಮದ್ದು ನಿಂತಿದೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಹಾಲು, ತುಪ್ಪವೂ ಬೇಡ.

ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಸೊಪ್ಪಿನ ರಸಕ್ಕೆ ಅಲೆಯಬೇಡಿ. ನಾಯಿಯನ್ನು ನಡೆಸದೆ ಎತ್ತಿಕೊಂಡು ಹೋಗಿ. ಹೊರಡುವ ಮೊದಲು ಫೋನು ಮಾಡಿ ಇಂಜೆಕ್ಷನ್ ಇದೆಯಾ ಕೇಳಿ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ ಆ ಇಂಜೆಕ್ಷನ್ ಇರುವುದು. ನಮ್ಮ ದರಗಿನಲ್ಲಿ ಬಿದ್ದಿರುವ ಮೂತಿ ಮೇಲೆದ್ದ ಚಿಕ್ಕ ಮಂಡಲಕ್ಕೆ ಅದು ಕೆಲಸಕ್ಕೆ ಬರುವುದಿಲ್ಲ. ಅದಕ್ಕೆ ಹಾವಿನ ಬಣ್ಣ, ಉದ್ದ ನೆನಪಿಟ್ಟುಕೊಂಡು ಹೇಳಿ. ಹಿಡಿಯಲು ಹೋಗಬೇಡಿ.

ಹುಚ್ಚುನಾಯಿ ಅಂತ ಅನುಮಾನವಿರುವ ನಾಯಿ ನಿಮ್ಮ ನಾಯಿಯನ್ನು ಕಚ್ಚಿದರೆ ಗ್ಲೌಸ್ ಹಾಕಿಕೊಂಡು 15 ನಿಮಿಷ ಸೋಪು, ಹರಿಯುವ ನೀರಿನಲ್ಲಿ ತೊಳೆದು ಅವತ್ತೇ ಇಂಜೆಕ್ಷನ್. ಪ್ರತಿವರ್ಷ ಹಾಕಿಸಿದ್ದರೂ ಮತ್ತೆ ಹಾಕಿಸಬೇಕು. ನಿಮಗೆ ಗೀರಿದ್ದರೆ ನೀವೂ ಹಾಗೆಯೇ ತೊಳೆದು ಆಸ್ಪತ್ರೆಗೆ ಹೋಗಬೇಕು. ರೇಬೀಸ್ ಲಕ್ಷಣ ಕಂಡ ಮೇಲೆ ಯಾರಲ್ಲೂ ಮದ್ದಿಲ್ಲ.

ಹೊಟ್ಟೆ ಉಬ್ಬಿ, ಓಕರಿಸಿದರೂ ಏನೂ ಬಾರದ ದೊಡ್ಡ ಜಾತಿಯ ನಾಯಿ, ಅರ್ಧ ಗಂಟೆ ಬಲವಾಗಿ ಮುಕ್ಕಿದರೂ ಮರಿ ಬಾರದ ಹೆಣ್ಣು, ಮೂತ್ರ ಕಟ್ಟಿದ್ದು, ನಿಲ್ಲದ ಫಿಟ್ಸ್. ಇವಕ್ಕೆ ಓಮದ ನೀರು, ಇಂಗು ಅಂತ ಒಲೆ ಹಚ್ಚುವ ಹೊತ್ತಿನಲ್ಲಿ ಜೀಪಿಗೆ ಹೇಳಿ.

ಹೊರಡುವಾಗ

ಪಶು ಆಸ್ಪತ್ರೆ ಡಾಕ್ಟ್ರ ನಂಬರ್ ಮನೆಯವರೆಲ್ಲರ ಫೋನಿನಲ್ಲೂ ಇರಲಿ. 1962ಕ್ಕೆ ಫೋನು ಮಾಡಿದರೆ ಪಶು ಸಂಜೀವಿನಿ ಗಾಡಿ ಸಿಗುತ್ತದೆ. ಅದು ಮುಖ್ಯವಾಗಿ ದನಕರುಗಳಿಗೆ ಇರುವುದು, ಆದರೂ ಕೇಳಿ ನೋಡಿ. ನೋವಿನಲ್ಲಿರುವ ನಾಯಿ ಸಾಕಿದವರನ್ನೇ ಕಚ್ಚುತ್ತದೆ, ಪಂಚೆಯ ತುಂಡಿನಿಂದ ಮೂತಿ ಕಟ್ಟಿ. ವಾಂತಿ ಮಾಡುತ್ತಿದ್ದರೆ, ಉಸಿರಾಟಕ್ಕೆ ಕಷ್ಟವಿದ್ದರೆ ಕಟ್ಟಬೇಡಿ. ಗೋಣಿಚೀಲವನ್ನೇ ಸ್ಟ್ರೆಚರ್ ಮಾಡಿಕೊಳ್ಳಬಹುದು. ವಾಂತಿ, ಭೇದಿಯ ಫೋಟೋ ತೆಗೆದುಕೊಳ್ಳಿ.

ಮನೆಯಲ್ಲಿ ಏನು ಕೊಟ್ಟಿದ್ದೀರಿ ಅನ್ನುವುದನ್ನೆಲ್ಲ ಡಾಕ್ಟ್ರಿಗೆ ಹೇಳಿ. ಬೈಯುತ್ತಾರೆ ಅಂತ ಮುಚ್ಚಿಡಬೇಡಿ. ಕಷಾಯ ಹೇಳಿ, ಹಚ್ಚಿದ ಎಣ್ಣೆ ಹೇಳಿ, ನಿಮ್ಮ ಮಂಡಿನೋವಿನ ಮಾತ್ರೆ ಅರ್ಧ ಕೊಟ್ಟಿದ್ದರೆ ಅದನ್ನಂತೂ ಮೊದಲು ಹೇಳಿ. ಐಬುಪ್ರೊಫೇನ್, ಡೈಕ್ಲೊಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡ ಕೆಡಿಸುತ್ತವೆ. ಅದರ ಮೇಲೆ ಡಾಕ್ಟ್ರು ಗೊತ್ತಿಲ್ಲದೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರೆ ಹೊಟ್ಟೆಯೊಳಗೆ ರಕ್ತಸ್ರಾವವೇ ಆಗಬಹುದು.